ರೆಕ್ಕೆ ಮೂಳೆ ಮುರಿದಾಗ: ಜೋಳಿಗೆ ಸಾಕಾ, ಪ್ಲೇಟು ಹಾಕಿಸಬೇಕಾ?

ಹೋದ ಮಳೆಗಾಲದಲ್ಲಿ ನಮ್ಮ ಭಾವ ಅಡಿಕೆ ಮರದಿಂದ ಬಿದ್ದರು. ಕೊಳೆರೋಗಕ್ಕೆ ಔಷಧಿ ಹೊಡೆಯಲು ಹತ್ತಿದ್ದರು, ಮರ ಪಾಚಿ ಹಿಡಿದು ಜಾರುತ್ತಿತ್ತು, ಸುಮಾರು 15 ಅಡಿ ಮೇಲಿಂದ ಬೆನ್ನು ಕೆಳಗಾಗಿ ಕಾಲುವೆ ದಂಡೆಗೆ ಬಡಿದರು, ಭುಜದ ಹಿಂದಿನ ರೆಕ್ಕೆ ಮೂಳೆ ಮುರಿಯಿತು. ಮೊದಲು ನೋಡಿದ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ "ಆಪರೇಷನ್ ಮಾಡಿ ಪ್ಲೇಟ್ ಹಾಕೋಣ" ಅಂದರು. ಎರಡನೆಯವರು ಅದೇ ಎಕ್ಸ್‌ರೇ ಬೆಳಕಿಗೆ ಹಿಡಿದು "ಏನೂ ಬೇಡ, ಕೈನ ಕತ್ತಿಗೆ ನೇತುಹಾಕೋ ಜೋಳಿಗೆ ಹಾಕ್ಕೊಂಡು ಮನೆಗೆ ಹೋಗಿ" ಅಂದರು. ಅಕ್ಕ ನನಗೆ ಫೋನ್ ಮಾಡಿದಳು. "ನೀನು ದಿನಾ ಇದೇ ಕೆಲಸ ಮಾಡ್ತೀಯಲ್ಲ, ಯಾರ ಮಾತು ಕೇಳ್ಬೇಕು ಹೇಳು."

ನಾನು ಫಿಸಿಯೋಥೆರಪಿ ಮಾಡುವವನು, ಸರ್ಜನ್ ಅಲ್ಲ. ಆದರೆ ಜೋಳಿಗೆ ಹಾಕಿದವರೂ ಪ್ಲೇಟು ಹಾಕಿಸಿಕೊಂಡವರೂ ಕೊನೆಗೆ ಬರುವುದು ನನ್ನ ಹತ್ತಿರವೇ. ಅಕ್ಕನಿಗೆ ಅವತ್ತು ಅರ್ಧ ಗಂಟೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ಈ ಮೂಳೆ ಮುರಿಯುವುದೇ ಅಪರೂಪ. ಎಲ್ಲ ಮೂಳೆ ಮುರಿತಗಳಲ್ಲಿ ಇದು ಶೇ 1ಕ್ಕಿಂತ ಕಡಿಮೆ. ಕಾಲು ಮುರಿದರೆ ಓಣಿಯಲ್ಲಿ ಹತ್ತು ಜನ ಸಲಹೆ ಕೊಡುತ್ತಾರೆ, ಇದಕ್ಕೆ ಯಾರ ಹತ್ತಿರವೂ ಅನುಭವ ಇರುವುದಿಲ್ಲ.

ರಿಪೋರ್ಟಿನಲ್ಲಿ ಸ್ಕ್ಯಾಪುಲಾ ಅಂತ ಬರೆದಿರುತ್ತದೆ. ಪುಸ್ತಕದಲ್ಲಿ ಹೆಗಲೆಲುಬು, ಬಾಯಿಮಾತಿನಲ್ಲಿ ಬೆನ್ನಿನ ರೆಕ್ಕೆ. ನಾನು ರೆಕ್ಕೆ ಮೂಳೆ ಅಂತಲೇ ಕರೆಯುತ್ತೇನೆ.

ಮೊದಲು ಎದೆ, ಆಮೇಲೆ ಮೂಳೆ

ಜೋಳಿಗೆನಾ ಪ್ಲೇಟಾ ಅನ್ನುವ ಜಗಳಕ್ಕೆ ಮೊದಲು ಒಂದು ವಿಷಯ. ಈ ಮೂಳೆ ಸುಮ್ನೆ ಮುರಿಯುವುದಿಲ್ಲ. ಹಿಂದೆ ಮುಂದೆ ದಪ್ಪ ಮಾಂಸಖಂಡ, ಕೆಳಗೆ ಪಕ್ಕೆಲುಬಿನ ಗೂಡು, ಪೆಟ್ಟು ಬಿದ್ದರೆ ಜಾರಿಕೊಂಡು ತಪ್ಪಿಸಿಕೊಳ್ಳುವ ಮೂಳೆ ಇದು. ಅಂಥದ್ದು ಮುರಿದಿದೆ ಅಂದರೆ ಏಟು ಜೋರಾಗಿಯೇ ಬಿದ್ದಿದೆ ಅಂತ ಅರ್ಥ: ಬೈಕ್ ಅಪಘಾತ, ಮರ ಅಥವಾ ಕಟ್ಟಡದಿಂದ ಬೀಳುವುದು, ಮೈಮೇಲೆ ಭಾರ ಬೀಳುವುದು. ಹೀಗೆ ಮುರಿದುಕೊಂಡು ಬಂದ 10 ಜನರಲ್ಲಿ 8-9 ಜನರಿಗೆ ಬೇರೆ ಕಡೆಯೂ ಪೆಟ್ಟಾಗಿರುತ್ತದೆ, ಹೆಚ್ಚು ಕಡಿಮೆ ಅರ್ಧ ಜನರಿಗೆ ಪಕ್ಕೆಲುಬು ಮುರಿದಿರುತ್ತದೆ. ಶ್ವಾಸಕೋಶಕ್ಕೆ ಗಾಯ, ಎದೆಯೊಳಗೆ ಗಾಳಿ ಅಥವಾ ರಕ್ತ ತುಂಬುವುದು, ತಲೆಗೆ ಪೆಟ್ಟು, ಕೊರಳ ಬುಡದಿಂದ ಕೈಗೆ ಇಳಿಯುವ ನರಗಳ ಗೊಂಚಲಿಗೆ ಎಳೆತ, ಇವೆಲ್ಲ ಜೊತೆಗೇ ಬರಬಹುದು.

ಇದರಲ್ಲಿ ಜೀವ ತೆಗೆಯುವುದು ಎದೆಯ ತೊಂದರೆ, ರೆಕ್ಕೆ ಮೂಳೆ ಅಲ್ಲ. ಮೊದಲ ದಿನದ ಎದೆಯ ಎಕ್ಸ್‌ರೇ ಚೆನ್ನಾಗಿದ್ದರೂ ಮರುದಿನ ಉಸಿರು ಕಟ್ಟಿದಂತಾದರೆ ಮತ್ತೊಂದು ತೆಗೆಸಬೇಕು, "ನಿನ್ನೆ ತಾನೇ ತೆಗ್ಸಿದ್ವಿ" ಅಂತ ಸುಮ್ಮನಿರಬಾರದು. ಕೈ ತಣ್ಣಗಾಗಿ ನಾಡಿ ಸಿಗದಿದ್ದರೆ, ಇಡೀ ತೋಳು ಜೋತುಬಿದ್ದು ಬೆರಳು ಮರಗಟ್ಟಿದ್ದರೆ ಅದು ಬೇರೆಯದೇ ಕಥೆ. ರೆಕ್ಕೆ ಮೂಳೆ ಎದೆಗೂಡಿನಿಂದಲೇ ಕಿತ್ತು ಬಂದು ರಕ್ತನಾಳ ಹರಿದಿರಬಹುದು. ಅಂಥವರಿಗೆ ಈ ಬರಹ ಓದುವ ಸಮಯ ಇಲ್ಲ, ರಕ್ತನಾಳದ ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗಬೇಕು.

ಭಾವನಿಗೆ ಮೂರು ಪಕ್ಕೆಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಮೂರು ಚೆಂಡಿನ ಉಸಿರಾಟದ ಯಂತ್ರ ಕೊಟ್ಟಿದ್ದರು. ಎರಡು ದಿನ ಅವರು ಅದನ್ನು ಪೀಪಿ ಊದಿದ ಹಾಗೆ ಊದುತ್ತಾ ಕೂತಿದ್ದರು, ಚೆಂಡು ಯಾಕೆ ಏಳಲ್ಲ ಅಂತ ಬೈಯುತ್ತಾ. ಅದು ಊದುವುದಲ್ಲ, ಎಳೆಯುವುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕೊಟ್ಟರೆ ಒಮ್ಮೆ ನೋಡಿಕೊಳ್ಳಿ, ಈ ತಪ್ಪು ಬಹಳ ಜನ ಮಾಡುತ್ತಾರೆ.

ಮೂಳೆಯ ಪರಿಚಯ, ಬೇಗ ಬೇಗ

ಒಂದು ತ್ರಿಕೋನದ ಹಲಗೆ ಅಂದುಕೊಳ್ಳಿ. ನಡುಭಾಗ ಎಷ್ಟು ತೆಳು ಅಂದರೆ ಒಣ ಮೂಳೆಯನ್ನು ಬೆಳಕಿಗೆ ಹಿಡಿದರೆ ಬೆಳಕು ಈಚೆಗೆ ಕಾಣುತ್ತದೆ. ಅಂಚುಗಳು ಮಾತ್ರ ಗಟ್ಟಿ. ಹೊರಮೂಲೆಯಲ್ಲಿ ಒಂದು ಚಪ್ಪಟೆ ಬಟ್ಟಲು ಇದೆ, ತೋಳಿನ ಗುಂಡು ಕೂರುವುದು ಅಲ್ಲೇ. ಅದು ಗ್ಲೆನಾಯ್ಡ್. ಬಟ್ಟಲು ಹಲಗೆಗೆ ಸೇರುವ ಜಾಗ ಕುತ್ತಿಗೆ. ಹಲಗೆಯ ಹಿಂಬದಿಗೆ ಅಡ್ಡವಾಗಿ ಒಂದು ಏಣು, ಅದು ಮುಂದುವರಿದು ಭುಜದ ಮೇಲೆ ಚಾವಣಿ ಹಾಗೆ ಚಾಚಿದ್ದು ಅಕ್ರೋಮಿಯನ್. ಭುಜದ ತುದಿಯನ್ನು ಮುಟ್ಟಿ ನೋಡಿದರೆ ಕೈಗೆ ಸಿಗುವ ಗಟ್ಟಿ ಮೂಳೆ ಅದೇ. ಮುಂಭಾಗದಲ್ಲಿ ಕೊಕ್ಕಿನ ಹಾಗೆ ಬಾಗಿದ ಇನ್ನೊಂದು ಚೂರು ಇದೆ, ಅದು ಕೊರಕಾಯ್ಡ್.

ಮುರಿತಗಳಲ್ಲಿ ಸುಮಾರು ಅರ್ಧ ಹಲಗೆಯದ್ದು. ಕಾಲು ಭಾಗ ಕುತ್ತಿಗೆಯದ್ದು. ಬಟ್ಟಲಿನದ್ದು ಹತ್ತರಲ್ಲಿ ಒಂದು. ಉಳಿದದ್ದು ಚಾವಣಿ, ಏಣು, ಕೊಕ್ಕು.

ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ಜಾಸ್ತಿ ಮುರಿಯುವ ಹಲಗೆಗೆ ಬಹುಪಾಲು ಆಪರೇಷನ್ ಬೇಡ. ಕಡಿಮೆ ಮುರಿಯುವ ಬಟ್ಟಲಿಗೆ ಬೇಕಾಗುವ ಸಾಧ್ಯತೆ ಜಾಸ್ತಿ. "ನಮ್ಮ ಮಾವನಿಗೂ ಇದೇ ಆಗಿತ್ತು, ಏನೂ ಮಾಡಿಸ್ಲಿಲ್ಲ, ಸರಿಯಾಯ್ತು" ಅನ್ನುವವರ ಮಾವನಿಗೆ ಮುರಿದದ್ದು ಯಾವ ಭಾಗ ಅಂತ ಮೊದಲು ಕೇಳಿ.

ವರ್ಗೀಕರಣ: ಎಷ್ಟೊಂದು ಹೆಸರು, ಯಾವುದು ಉಪಯೋಗಕ್ಕೆ?

ಡಿಸ್ಚಾರ್ಜ್ ಚೀಟಿಯಲ್ಲಿ ಟೈಪ್ 2, ಟೈಪ್ 4 ಅಂತೆಲ್ಲ ಬರೆದಿರುತ್ತದೆ. ಯಾರ ಟೈಪು ಅಂತ ಗೊತ್ತಿಲ್ಲದೆ ಅದಕ್ಕೆ ಅರ್ಥವೇ ಇಲ್ಲ. ಒಂದು ವಿಧದಲ್ಲಿ ಟೈಪ್ 3 ಅಂದರೆ ಬಟ್ಟಲು ಮುರಿದಿದೆ ಅಂತ, ಇನ್ನೊಂದರಲ್ಲಿ ಚಾವಣಿ ಕುಸಿದಿದೆ ಅಂತ.

ಇಡೀ ಮೂಳೆಗೆ ಅನ್ವಯಿಸುವವು ಎರಡು. 1991ರಲ್ಲಿ ಅಡಾ, ಮಿಲ್ಲರ್ ಅನ್ನುವ ಇಬ್ಬರು ಡಾಕ್ಟರುಗಳು ಮಾಡಿದ್ದು ಬಹಳ ಸರಳ: 1 ಅಂದರೆ ಚಾವಣಿ, ಏಣು, ಕೊಕ್ಕು, 2 ಕುತ್ತಿಗೆ, 3 ಬಟ್ಟಲು, 4 ಹಲಗೆ. ಇದನ್ನು ಸೋದರತ್ತೆಗೂ ಹೇಳಿ ಅರ್ಥ ಮಾಡಿಸಬಹುದು. ಆದರೆ ಎಲ್ಲಿ ಅಂತ ಮಾತ್ರ ಹೇಳುತ್ತದೆ, ಎಷ್ಟು ಕೆಟ್ಟದಾಗಿ ಅಂತ ಹೇಳುವುದಿಲ್ಲ. ಎರಡನೆಯದು ಮೂಳೆ ಮುರಿತದ ಚಿಕಿತ್ಸೆಗೆಂದೇ ಇರುವ ಅಂತರರಾಷ್ಟ್ರೀಯ ಸಂಸ್ಥೆ ಎಒದ್ದು, 2018ರ ಆವೃತ್ತಿ. ರೆಕ್ಕೆ ಮೂಳೆಯ ಸಂಖ್ಯೆ 14. 14ಎ ಅಂದರೆ ಚಾಚಿದ ಭಾಗಗಳು, 14ಬಿ ಹಲಗೆ, 14ಎಫ್ ಬಟ್ಟಲು. ಮೂಳೆ ಡಾಕ್ಟರುಗಳು ಒಬ್ಬರಿಗೊಬ್ಬರು ಕೇಸು ವಿವರಿಸಲು, ಸಂಶೋಧನೆಗೆ ಲೆಕ್ಕ ಇಡಲು ಇದು ಸರಿ. ರೋಗಿಗೆ ಇದರಿಂದ ದಕ್ಕುವುದು ಕಡಿಮೆ.

ಬಟ್ಟಲಿಗೆ ಮಾತ್ರ ಐಡೆಬರ್ಗ್. ಸ್ವೀಡನ್ನಿನ ಡಾಕ್ಟರು, 1984ರಲ್ಲಿ ಐದು ವಿಧ ಮಾಡಿದರು. 1992ರಲ್ಲಿ ಅಮೆರಿಕದ ಗಾಸ್ ಅದನ್ನು ತಿದ್ದಿ ಆರನೆಯದನ್ನು ಸೇರಿಸಿದರು. 1 ಅಂದರೆ ಬಟ್ಟಲಿನ ಅಂಚು ಹಾರಿದೆ, ಮುಂದಿನ ಅಂಚಾದರೆ ಎ, ಹಿಂದಿನದಾದರೆ ಬಿ. 2ರಲ್ಲಿ ಕೆಳಗಿನ ತುಂಡು ಬೇರೆಯಾಗಿದೆ. 3ರಲ್ಲಿ ಮೇಲಿನ ತುಂಡು ಕೊಕ್ಕನ್ನೂ ಎಳೆದುಕೊಂಡು ಹೋಗಿದೆ. 4ರಲ್ಲಿ ಬಿರುಕು ಬಟ್ಟಲಿನಿಂದ ಹೊರಟು ಹಲಗೆಯನ್ನು ಅಡ್ಡ ಸೀಳಿ ಆಚೆ ಅಂಚು ಮುಟ್ಟಿದೆ. 5 ಅಂದರೆ ಇವುಗಳ ಮಿಶ್ರಣ. 6 ಅಂದರೆ ಬಟ್ಟಲು ಚೂರು ಚೂರು. ನನ್ನ ಮಟ್ಟಿಗೆ ಎಲ್ಲ ಹೆಸರುಗಳಲ್ಲಿ ಅತಿ ಉಪಯೋಗದ್ದು ಇದೇ, ಯಾಕೆಂದರೆ ಆಪರೇಷನ್ ಮಾಡುವುದಾದರೆ ಮುಂದಿನಿಂದ ಹೋಗಬೇಕೋ ಹಿಂದಿನಿಂದಲೋ ಅನ್ನುವುದನ್ನು ಇದು ಸೂಚಿಸುತ್ತದೆ. ಆದರೆ ಒಂದು ನೆನಪಿಡಿ: 1ರಿಂದ 6 ಅನ್ನುವುದು ತೀವ್ರತೆಯ ಏಣಿ ಅಲ್ಲ. ಒಂದು ಚಿಕ್ಕ ಟೈಪ್ 1 ಅಂಚು ಹಾರಿ ಭುಜ ಮತ್ತೆ ಮತ್ತೆ ಜಾರುತ್ತಿದ್ದರೆ ಆಪರೇಷನ್ ಬೇಕಾಗಬಹುದು. ಚೂರಾದ ಟೈಪ್ 6ಕ್ಕೆ ಸ್ಕ್ರೂ ಹಿಡಿಯುವ ಜಾಗವೇ ಇಲ್ಲದೆ ಜೋಳಿಗೆಯೇ ಗತಿಯಾಗಬಹುದು.

ಕೊಕ್ಕಿಗೆ ಒಗಾವಾ: ಬುಡದ ಹತ್ತಿರ ಮುರಿದರೆ 1, ತುದಿ ಮುರಿದರೆ 2. ಚಾವಣಿಗೆ ಕುನ್: ಸರಿಯದಿದ್ದರೆ 1, ಸರಿದಿದ್ದರೂ ಕೆಳಗಿನ ಜಾಗ ಕಿರಿದಾಗದಿದ್ದರೆ 2, ಕುಸಿದು ಜಾಗ ಕಿರಿದಾದರೆ 3.

ಇಷ್ಟೆಲ್ಲ ಹೇಳಿದ ಮೇಲೆ ಅಕ್ಕ ಕೇಳಿದ್ದು, "ಹಾಗಾದ್ರೆ ನಾನು ಡಾಕ್ಟರ ಹತ್ರ ಏನ್ ಕೇಳ್ಲಿ?" ಮೂರೇ ಪ್ರಶ್ನೆ. ಎಲ್ಲಿ ಮುರಿದಿದೆ, ಬಟ್ಟಲಿನ ಒಳಗೆ ಬಿರುಕು ಹೋಗಿದೆಯಾ? ಎಷ್ಟು ಮಿಲಿಮೀಟರ್ ಸರಿದಿದೆ, ಎಷ್ಟು ಡಿಗ್ರಿ ಬಾಗಿದೆ? ಅದೇ ಭುಜದಲ್ಲಿ ಇನ್ನೇನು ಮುರಿದಿದೆ?

ಎಕ್ಸ್‌ರೇ, ಸಿ.ಟಿ., ಎಂಆರ್‌ಐ

ಎರಡು ಡಾಕ್ಟರುಗಳು ಎರಡು ಮಾತು ಹೇಳಲು ಕಾರಣ ಇಲ್ಲೇ ಇತ್ತು. ಭಾವನನ್ನು ಮಲಗಿಸಿ ಒಂದೇ ಎಕ್ಸ್‌ರೇ ತೆಗೆದಿದ್ದರು. ರೆಕ್ಕೆ ಮೂಳೆ ಎದೆಗೂಡಿನ ಮೇಲೆ ಓರೆಯಾಗಿ ಕೂತಿರುತ್ತದೆ, ನೇರ ಎಕ್ಸ್‌ರೇಯಲ್ಲಿ ಪಕ್ಕೆಲುಬು, ಶ್ವಾಸಕೋಶ ಎಲ್ಲ ಒಂದರ ಮೇಲೊಂದು ಬಿದ್ದು ಕಾಣುತ್ತದೆ. ಮೈಯನ್ನು ಓರೆಯಾಗಿಸಿ ತೆಗೆದ ನೇರ ನೋಟ, ವೈ ಆಕಾರದಲ್ಲಿ ಕಾಣುವ ಪಕ್ಕದ ನೋಟ, ಕಂಕುಳಿನಿಂದ ತೆಗೆದ ನೋಟ, ಈ ಮೂರು ಇದ್ದರೆ ಮಾತಾಡಬಹುದು. ಹಲಗೆಯಲ್ಲಿ ಸರಿಯದ ಬಿರುಕು ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ಬಟ್ಟಲಿನಲ್ಲಿ ಬಿರುಕು ಇದೆಯೇನೋ ಅನ್ನುವ ಅನುಮಾನ ಬಂದರೆ, ಮೂಳೆ ಸರಿದಂತೆ ಕಂಡರೆ, ಅಥವಾ ಯಾರಾದರೂ ಆಪರೇಷನ್ ಅಂದರೆ, ಸಿ.ಟಿ. ಸ್ಕ್ಯಾನ್ ಬೇಕೇ ಬೇಕು, ಅದೂ 3ಡಿ ಚಿತ್ರದ ಜೊತೆ. ಸಿ.ಟಿ. ಇಲ್ಲದೆ ಪ್ಲೇಟಿಗೆ ಒಪ್ಪಬೇಡಿ. ಇದರಲ್ಲಿ ನಾನು ಹಟಮಾರಿ. ಅಪಘಾತದ ಕೇಸಾದರೆ ಎದೆಯ ಸಿ.ಟಿ. ಹೇಗೂ ಮಾಡಿರುತ್ತಾರೆ, ಅದರಲ್ಲೇ ರೆಕ್ಕೆ ಮೂಳೆಯೂ ಬಂದಿರುತ್ತದೆ, ಮತ್ತೆ ದುಡ್ಡು ಸುರಿಯುವ ಮೊದಲು ಅದೇ ಸಿ.ಡಿ.ಯಿಂದ ಚಿತ್ರ ಮಾಡಿಕೊಡಲು ಆಗುತ್ತದಾ ಕೇಳಿ. ಎಂಆರ್‌ಐ ಮೊದಲ ಹಂತದಲ್ಲಿ ಸಾಮಾನ್ಯವಾಗಿ ಬೇಕಿಲ್ಲ.

ಒಂದು ಮಜಾ ಇದೆ. ಕೆಲವರಿಗೆ ಅಕ್ರೋಮಿಯನ್ ತುದಿ ಬೆಳೆಯುವಾಗ ಕೂಡಿಕೊಂಡಿರುವುದೇ ಇಲ್ಲ, ಹುಟ್ಟಿನಿಂದ ಹಾಗೇ ಬಿಡಿಯಾಗಿರುತ್ತದೆ. ಅದು ಎಕ್ಸ್‌ರೇಯಲ್ಲಿ ಥೇಟ್ ಮುರಿತದ ಹಾಗೆ ಕಾಣುತ್ತದೆ. ಅಂಚು ನುಣುಪಾಗಿದ್ದರೆ, ಮುಟ್ಟಿದರೆ ನೋವಿಲ್ಲದಿದ್ದರೆ, ಇನ್ನೊಂದು ಭುಜದ ಎಕ್ಸ್‌ರೇ ತೆಗೆದು ಹೋಲಿಸಬೇಕು. ಅಲ್ಲೂ ಹಾಗೇ ಇದ್ದರೆ ಅದು ಬಹುತೇಕ ಹುಟ್ಟಿನದ್ದೇ.

ಹಲಗೆ ಮತ್ತು ಕುತ್ತಿಗೆ: ಜೋಳಿಗೆಯ ರಾಜ್ಯ

ಈ ಮೂಳೆಗೆ 17 ಸ್ನಾಯುಗಳು ಅಂಟಿಕೊಂಡಿವೆ. ಸುತ್ತಲೂ ಮಾಂಸ, ಹಾಗಾಗಿ ರಕ್ತ ಪೂರೈಕೆ ಚೆನ್ನಾಗಿದೆ, ಆರು ವಾರದಲ್ಲಿ ಬಹುತೇಕ ಕೂಡಿಕೊಳ್ಳುತ್ತದೆ. ಹಲಗೆ ಕೂಡದೆ ಉಳಿಯುವುದು ಬಹಳ ಅಪರೂಪ. ಸ್ವಲ್ಪ ಸೊಟ್ಟಗೆ ಕೂಡಿದರೂ ಭುಜಕ್ಕೆ ಎಷ್ಟೊಂದು ಕಡೆ ತಿರುಗುವ ಸ್ವಾತಂತ್ರ್ಯ ಇದೆ ಅಂದರೆ ಆ ಕೊರತೆ ದಿನದ ಕೆಲಸದಲ್ಲಿ ಗೊತ್ತೇ ಆಗುವುದಿಲ್ಲ. ಎಕ್ಸ್‌ರೇಯಲ್ಲಿ ಒಡೆದ ಹೆಂಚಿನ ಹಾಗೆ ಕಾಣುವ ಹಲಗೆ ಆರು ತಿಂಗಳ ಮೇಲೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಹೋಗಿದ್ದನ್ನು ನೋಡಿದ್ದೇನೆ.

ಹಾಗಾದರೆ ಪ್ಲೇಟು ಯಾವಾಗ? ಸರ್ಜನ್‌ಗಳು ಇಟ್ಟುಕೊಂಡಿರುವ ಗಡಿಗಳು ಹೆಚ್ಚು ಕಡಿಮೆ ಹೀಗಿವೆ. ಹಲಗೆಯ ಹೊರ ಅಂಚಿನ ಎರಡು ತುಂಡು ಒಂದರಿಂದ ಒಂದು 20 ಮಿ.ಮೀ. ಅಥವಾ ಜಾಸ್ತಿ ಸರಿದಿದ್ದರೆ. ಪಕ್ಕದ ನೋಟದಲ್ಲಿ 45 ಡಿಗ್ರಿ ಅಥವಾ ಜಾಸ್ತಿ ಬಾಗಿದ್ದರೆ. ಎರಡೂ ಅರ್ಧಂಬರ್ಧ ಸೇರಿ, ಅಂದರೆ 15 ಮಿ.ಮೀ. ಸರಿದು 30 ಡಿಗ್ರಿಗಿಂತ ಜಾಸ್ತಿ ಬಾಗಿದ್ದರೆ. ಇನ್ನೊಂದು ಗ್ಲೆನೋಪೋಲಾರ್ ಕೋನ: ಬಟ್ಟಲಿನ ಮೇಲ್ತುದಿಯಿಂದ ಕೆಳತುದಿಗೆ ಒಂದು ಗೆರೆ, ಅದೇ ಮೇಲ್ತುದಿಯಿಂದ ಹಲಗೆಯ ಅತಿ ಕೆಳಗಿನ ಮೂಲೆಗೆ ಇನ್ನೊಂದು ಗೆರೆ, ನಡುವಿನ ಕೋನ. ಸಾಮಾನ್ಯವಾಗಿ 30ರಿಂದ 45 ಡಿಗ್ರಿ. ಅದು 22ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಬಟ್ಟಲು ನೆಲ ನೋಡುತ್ತಿದೆ ಅಂತ ಅರ್ಥ, ಕೈ ಮೇಲೆತ್ತುವ ಶಕ್ತಿ ಕುಂದುತ್ತದೆ.

ಈ ಅಂಕಿಗಳು ಶಿಲಾಶಾಸನ ಅಲ್ಲ. ಸರ್ಜನ್‌ಗಳ ಅನುಭವದಿಂದ, ತಮ್ಮ ರೋಗಿಗಳ ಲೆಕ್ಕದಿಂದ ಬಂದವು. ಒಬ್ಬರಿಗೆ 20 ಗಡಿ, ಇನ್ನೊಬ್ಬರಿಗೆ 25. ಅದಕ್ಕೇ ಗಡಿಯ ಹತ್ತಿರ ಇರುವ ಕೇಸುಗಳಲ್ಲಿ ಇಬ್ಬರು ಒಳ್ಳೆಯ ಡಾಕ್ಟರುಗಳು ಎರಡು ಮಾತು ಹೇಳಿದರೆ ಇಬ್ಬರನ್ನೂ ಅನುಮಾನಿಸಬೇಕಿಲ್ಲ. ಅಲ್ಲಿ ನಿರ್ಧಾರ ಮಾಡುವುದು ಮನುಷ್ಯ: 26ರ ವಾಲಿಬಾಲ್ ಆಟಗಾರ, ಬಲಗೈಯಲ್ಲಿ ಸುತ್ತಿಗೆ ಹೊಡೆಯುವ ಬಡಗಿ, 70ರ ಸಕ್ಕರೆ ಕಾಯಿಲೆಯ ಅಜ್ಜಿ, ಮೂವರಿಗೂ ಒಂದೇ ಉತ್ತರ ಇಲ್ಲ.

ಭಾವನ ಸಿ.ಟಿ. ಬಂದಾಗ ಎರಡನೆಯ ಡಾಕ್ಟರು ಫಿಲ್ಮಿನ ಮೇಲೆಯೇ ಪೆನ್ಸಿಲ್ಲಿನಿಂದ ಎರಡು ಗೆರೆ ಎಳೆದು ತೋರಿಸಿದರು. ಕೋನ 31. ಸರಿದದ್ದು 12 ಮಿ.ಮೀ. ಬಟ್ಟಲು ಸ್ವಚ್ಛ. ಅಕ್ಕನಿಗೆ ಗೆರೆ ಅರ್ಥವಾಯಿತೋ ಇಲ್ಲವೋ, ಆದರೆ ಸಂಖ್ಯೆ ಕಣ್ಣಿಗೆ ಕಂಡ ಮೇಲೆ ಗಾಬರಿ ಇಳಿಯಿತು. ಜೋಳಿಗೆ ಅಂತ ತೀರ್ಮಾನವಾಯಿತು.

ಬಟ್ಟಲು: ಇಲ್ಲಿ ಜುಗ್ಗತನ ಬೇಡ

ಬಟ್ಟಲಿನ ಮೇಲೆ ನುಣುಪಾದ ಮೆತ್ತೆ ಇದೆ. ಬಿರುಕು ಅದರೊಳಗೆ ಹೋಗಿ ಎರಡು ತುಂಡು ಮೇಲೆ ಕೆಳಗೆ ಆದರೆ, ಪ್ರತಿ ಸಲ ಕೈ ತಿರುಗಿಸಿದಾಗಲೂ ತೋಳಿನ ಗುಂಡು ಆ ಮೆಟ್ಟಿಲಿನ ಮೇಲೆ ಉಜ್ಜುತ್ತದೆ. ಕೆಲವು ವರ್ಷಕ್ಕೆ ಕೀಲು ಸವೆಯುತ್ತದೆ. ಮೆಟ್ಟಿಲು 4 ಮಿ.ಮೀ. ದಾಟಿದರೆ ಬಹಳ ಸರ್ಜನ್‌ಗಳು ಆಪರೇಷನ್ ಮಾತು ತೆಗೆಯುತ್ತಾರೆ, ಇನ್ನು ಕೆಲವರು 5 ಅನ್ನುತ್ತಾರೆ. ಅಂಚು ಹಾರಿದ ಕೇಸಿನಲ್ಲಿ ಬಟ್ಟಲಿನ ಸುಮಾರು ಕಾಲು ಭಾಗ ಹೋಗಿದ್ದರೆ, ಅಥವಾ ಭುಜದ ಗುಂಡು ಬಟ್ಟಲಿನ ನಡುವೆ ನಿಲ್ಲದೆ ಜಾರುತ್ತಿದ್ದರೆ, ಸರಿಪಡಿಸಲೇಬೇಕು. ಭುಜ ಜಾರಿದ್ದನ್ನು ಕೂರಿಸಿದ ಮೇಲೆ "ಸಣ್ಣ ಚೂರು ಹಾರಿದೆ ಅಷ್ಟೇ" ಅಂದರೆ, ಆ ಚೂರು ಬಟ್ಟಲಿನ ಎಷ್ಟು ಭಾಗ ಅಂತ ಕೇಳಿ. ಸಣ್ಣ ಚೂರು ಅನ್ನುವುದು ಅಳತೆ ಅಲ್ಲ.

ಮುಂದಿನ ಅಂಚಿನದ್ದನ್ನು ಹಲವು ಸಲ ಕೀಲಿನೊಳಗೆ ಸಣ್ಣ ಕ್ಯಾಮೆರಾ ಕೊಳವೆ ಹಾಕಿ, ಚಿಕ್ಕ ತೂತಿನಲ್ಲೇ ಮುಗಿಸುತ್ತಾರೆ. ದೊಡ್ಡ ತುಂಡಾದರೆ ಎದುರಿನಿಂದ ತೆರೆಯಬೇಕು. ಹಿಂಭಾಗದ್ದು, ಹಲಗೆಗೆ ಹಬ್ಬಿದ್ದು ಆದರೆ ಬೆನ್ನಿನಿಂದ.

ನನ್ನ ಹತ್ತಿರ ಬಂದ ಒಬ್ಬ ಹುಡುಗನಿಗೆ ಬೈಕ್ ಅಪಘಾತದಲ್ಲಿ 6 ಮಿ.ಮೀ. ಮೆಟ್ಟಿಲು ಆಗಿತ್ತು. ಮನೆಯವರು ಆಪರೇಷನ್ ಬೇಡ ಅಂತ ಐದು ವಾರ ಸುಮ್ಮನಿದ್ದು, ಆಮೇಲೆ ಮನಸ್ಸು ಬದಲಾಯಿಸಿದರು. ಅಷ್ಟರಲ್ಲಿ ಹೊಸ ಮೂಳೆ ಬೆಳೆದು ತುಂಡುಗಳು ಸೊಟ್ಟಗೇ ಅಂಟಿಕೊಂಡಿದ್ದವು, ಸರ್ಜನ್ ಮತ್ತೆ ಒಡೆದು ಬಿಡಿಸಬೇಕಾಯಿತು. ಎರಡು ವಾರದೊಳಗೆ ಮಾಡಿದ್ದರೆ ಅರ್ಧ ಸುಲಭ. ಮೂರು ವಾರ ದಾಟಿದರೆ ಕಷ್ಟ ಏರುತ್ತಾ ಹೋಗುತ್ತದೆ. ಎರಡನೆಯ ಅಭಿಪ್ರಾಯ ಬೇಕಾದರೆ ತೆಗೆದುಕೊಳ್ಳಿ, ಆದರೆ ಮೊದಲ ವಾರದಲ್ಲೇ.

ಚಾವಣಿ, ಕೊಕ್ಕು, ತೇಲುವ ಭುಜ

ಚಾವಣಿ, ಕೊಕ್ಕು ಎರಡಕ್ಕೂ ಬಹುಪಾಲು ಜೋಳಿಗೆ ಸಾಕು. 10 ಮಿ.ಮೀ.ಗಿಂತ ಜಾಸ್ತಿ ಸರಿದರೆ, ಚಾವಣಿ ಕುಸಿದು ಕೆಳಗಿನ ಸ್ನಾಯುವನ್ನು ಒತ್ತುತ್ತಿದ್ದರೆ, ಕೊಕ್ಕು ಬುಡದಲ್ಲಿ ಮುರಿದು ಜೊತೆಗೆ ಭುಜದ ತುದಿಯ ಕೀಲೂ ಬಿಟ್ಟಿದ್ದರೆ ಸ್ಕ್ರೂ ಅಥವಾ ಪ್ಲೇಟು. ರಿವರ್ಸ್ ಭುಜದ ಕೀಲು (ಗುಂಡು, ಬಟ್ಟಲು ಅದಲುಬದಲಾಗಿ ಕೂರಿಸುವ ಕೃತಕ ಕೀಲು) ಹಾಕಿಸಿಕೊಂಡ ವಯಸ್ಸಾದವರಿಗೆ ಬೀಳದೆಯೂ ಚಾವಣಿಯಲ್ಲಿ ಬಿರುಕು ಬರಬಹುದು, ಆಪರೇಷನ್ ಆಗಿ ತಿಂಗಳುಗಳ ಮೇಲೆ ಭುಜದ ತುದಿಯಲ್ಲಿ ಹೊಸ ನೋವು ಶುರುವಾದರೆ ಸುಮ್ನೆ ಮುಲಾಮು ಹಚ್ಚುತ್ತಾ ಕೂರಬೇಡಿ.

ತೇಲುವ ಭುಜ ಅನ್ನುವ ಹೆಸರು ಕೇಳಿಯೇ ಜನ ಹೆದರುತ್ತಾರೆ. ರೆಕ್ಕೆ ಮೂಳೆಯ ಕುತ್ತಿಗೆಯೂ ಕಾಲರ್ ಬೋನೂ ಒಟ್ಟಿಗೆ ಮುರಿದಾಗ ತೋಳಿಗೆ ಮೈಯ ಜೊತೆ ಗಟ್ಟಿ ಕೊಂಡಿ ಉಳಿಯುವುದಿಲ್ಲ, ಅದಕ್ಕೆ ಆ ಹೆಸರು. 1993ರಲ್ಲಿ ಗಾಸ್ ಇದನ್ನು ಒಂದು ಉಂಗುರದ ಲೆಕ್ಕದಲ್ಲಿ ವಿವರಿಸಿದರು: ಬಟ್ಟಲು, ಕೊಕ್ಕು, ಚಾವಣಿ, ಕಾಲರ್ ಬೋನಿನ ತುದಿ, ನಡುವಿನ ಕಟ್ಟುನಾರುಗಳು ಸೇರಿ ಒಂದು ಬಳೆ. ಒಂದು ಕಡೆ ಮುರಿದರೆ ಬಳೆ ನಿಲ್ಲುತ್ತದೆ. ಎರಡು ಕಡೆ ಮುರಿದರೆ ಬಾಯಿ ಬಿಡಬಹುದು. ಬಿಡಬಹುದು, ಬಿಟ್ಟೇ ಬಿಡುತ್ತದೆ ಅಂತಲ್ಲ. ಎರಡೂ ಸರಿಯದೆ ನಿಂತಿದ್ದರೆ ಜೋಳಿಗೆಯಲ್ಲೇ ವಾಸಿಯಾದವರು ಬೇಕಾದಷ್ಟು ಜನ ಇದ್ದಾರೆ. ಎರಡೂ ಸರಿದಿದ್ದರೆ ಕೆಲವು ಸರ್ಜನ್‌ಗಳು ಕಾಲರ್ ಬೋನಿಗೆ ಮಾತ್ರ ಪ್ಲೇಟು ಹಾಕುತ್ತಾರೆ, ಅದು ಸರಿಯಾದರೆ ಕುತ್ತಿಗೆಯೂ ತಾನಾಗೇ ಹತ್ತಿರ ಬರುತ್ತದೆ ಅನ್ನುವ ಲೆಕ್ಕ. ಬಾರದಿದ್ದರೆ ಎರಡಕ್ಕೂ.

ನಾಟಿ ಕಟ್ಟು

ಕೇಳದೆ ಬಿಡುವುದಿಲ್ಲ, ಹೇಳಿಬಿಡುತ್ತೇನೆ. ಆಂಧ್ರದ ಪುತ್ತೂರು ಕಟ್ಟಿಗೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ, ಊರೂರಲ್ಲೂ ಮೂಳೆ ಕಟ್ಟುವವರು ಇದ್ದಾರೆ. ಸರಿಯದ ಹಲಗೆ ಮುರಿತ ಅವರಲ್ಲಿಗೆ ಹೋದರೂ ವಾಸಿಯಾಗುತ್ತದೆ, ಯಾಕೆಂದರೆ ಅದು ಎಲ್ಲಿಗೆ ಹೋಗದಿದ್ದರೂ ವಾಸಿಯಾಗುತ್ತದೆ. ತೊಂದರೆ ಇರುವುದು ಎರಡು ಕಡೆ. ಎದೆ ಸುತ್ತ ಬಿಗಿಯಾಗಿ ಪಟ್ಟಿ ಸುತ್ತಿದರೆ ಪಕ್ಕೆಲುಬು ಮುರಿದವರು ಆಳವಾಗಿ ಉಸಿರು ಎಳೆಯಲಾರರು, ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ. ಎರಡನೆಯದು, ಆರು ವಾರ ಕೈ ಕಟ್ಟಿಟ್ಟರೆ ಭುಜ ಬಿಗಿದುಕೊಳ್ಳುತ್ತದೆ. ಎಣ್ಣೆ ಹಾಕಿ ಮೊದಲ ವಾರವೇ ನೀವಿಸಿಕೊಂಡು ಬಂದವರನ್ನೂ ನೋಡಿದ್ದೇನೆ, ಬಾವು ಡಬ್ಬಲ್ ಆಗಿರುತ್ತದೆ.

ಜೋಳಿಗೆಯ ದಾರಿ ಹೇಗಿರುತ್ತದೆ

ಜೋಳಿಗೆ ಅಂದರೆ ಏನೂ ಮಾಡದಿರುವುದು ಅಲ್ಲ. ಮೊದಲ ಎರಡು ಮೂರು ವಾರ ನೋವಿಗಾಗಿ ಜೋಳಿಗೆ, ಆದರೆ ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡಿಸಬೇಕು. ಮಲಗುವುದೇ ದೊಡ್ಡ ಕಷ್ಟ. ಬೆನ್ನು ಪೂರ್ತಿ ಚಾಚಿದರೆ ಮುರಿದ ಹಲಗೆ ಹಾಸಿಗೆಗೆ ಒತ್ತುತ್ತದೆ. ದಿಂಬು ಪೇರಿಸಿ ಅರ್ಧ ಕೂತ ಹಾಗೆ, ಮೊಣಕೈ ಕೆಳಗೆ ಇನ್ನೊಂದು ದಿಂಬು. ಅಂಗಿ ಹಾಕುವಾಗ ಪೆಟ್ಟಾದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಸ್ನಾನಕ್ಕೆ ಜೋಳಿಗೆ ತೆಗೆಯಬಹುದು, ಕೈ ಮೈಗೆ ಒರಗಿಸಿ ಇಟ್ಟುಕೊಂಡರೆ ಆಯಿತು. ಕಂಕುಳು ಒಣಗಿರಲಿ, ಮಳೆಗಾಲದಲ್ಲಿ ಅಲ್ಲಿ ಚರ್ಮ ಕೊಳೆತು ಬಂದವರಿದ್ದಾರೆ.

ನೋವು ಸ್ವಲ್ಪ ಇಳಿದ ಮೇಲೆ, ಸಾಮಾನ್ಯವಾಗಿ ಎರಡನೆಯ ವಾರದಲ್ಲಿ, ಮುಂದಕ್ಕೆ ಬಾಗಿ ಕೈ ಜೋತುಬಿಟ್ಟು ತೂಗುವುದು ಶುರು. ಒರಳಲ್ಲಿ ಹಿಟ್ಟು ರುಬ್ಬುವಾಗ ಕೈ ಸುತ್ತುತ್ತದಲ್ಲ, ಹಾಗೆ ಚಿಕ್ಕ ಚಿಕ್ಕ ಸುತ್ತು. ನಾಲ್ಕನೆಯ ವಾರದ ಹೊತ್ತಿಗೆ ಇನ್ನೊಂದು ಕೈಯ ಸಹಾಯದಿಂದ ಎತ್ತುವುದು. ಭಾವ ಹಳೆ ಬಾವಿಯ ರಾಟೆಯನ್ನು ಜಗಲಿಯ ತೊಲೆಗೆ ಕಟ್ಟಿ ಹಗ್ಗ ಹಾಕಿಕೊಂಡಿದ್ದರು, ಒಳ್ಳೆ ಕೈ ಎಳೆದರೆ ಕೆಟ್ಟ ಕೈ ಮೇಲೆ ಬರುತ್ತದೆ. ನಾನು ಅಂಗಡಿಯಿಂದ ತಂದುಕೊಡೋಣ ಅಂದುಕೊಂಡಿದ್ದ ಪುಲ್ಲಿಗಿಂತ ಅದೇ ಚೆನ್ನಾಗಿತ್ತು. ಆರು ವಾರಕ್ಕೆ ಎಕ್ಸ್‌ರೇ, ಮೂಳೆ ಕೂಡಿದ್ದರೆ ತಾನಾಗೇ ಕೈ ಎತ್ತುವುದು. ಎಂಟು ಹತ್ತು ವಾರಕ್ಕೆ ಹಗುರ ಭಾರ. ಭಾರದ ಕೆಲಸ ಮೂರು ತಿಂಗಳ ಮೇಲೆ.

ಮೊದಲ ಎರಡು ಮೂರು ವಾರ ಕೈ ಎತ್ತಲು ನೋಡಿದರೆ ಏಳುವುದೇ ಇಲ್ಲ. "ನರ ಹೋಯ್ತು, ಸ್ನಾಯು ಹರಿದೋಯ್ತು" ಅಂತ ಮನೆಯವರೆಲ್ಲ ಅಳುತ್ತಾರೆ. ಬಹಳ ಸಲ ಅದು ಸ್ನಾಯುವಿನೊಳಗೆ ರಕ್ತ ಕಟ್ಟಿ ಆದ ಸುಸ್ತು. ಕೆಲವು ವಾರದಲ್ಲಿ ಬಿಡುತ್ತದೆ. ಬಿಡದಿದ್ದರೆ ಆಗ ಎಂಆರ್‌ಐ, ನರದ ಪರೀಕ್ಷೆ. ಇನ್ನೊಂದು, ಮೊದಲ ಎರಡು ವಾರ ವಾರಕ್ಕೊಮ್ಮೆ ಎಕ್ಸ್‌ರೇ ತೆಗೆಸಿ. ಸರಿಯದೆ ನಿಂತಿದ್ದ ಮೂಳೆ ಆಮೇಲೆ ಸರಿಯುವುದೂ ಉಂಟು, ಪಕ್ಕೆಲುಬು ತುಂಬಾ ಮುರಿದವರಲ್ಲಿ ಅದರ ಭಯ ಜಾಸ್ತಿ.

ಬೀಡಿ ಸಿಗರೇಟು ಬಿಡಿ, ಮೂಳೆ ಕೂಡುವುದು ನಿಧಾನವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಭುಜ ಬೇಗ ಬಿಗಿಯುತ್ತದೆ, ವ್ಯಾಯಾಮ ಒಂದು ದಿನವೂ ತಪ್ಪಬಾರದು.

ಪ್ಲೇಟಿನ ದಾರಿ

ಹಲಗೆ, ಕುತ್ತಿಗೆಗೆ ಬೆನ್ನಿನಿಂದ ಹೋಗುತ್ತಾರೆ. ಫ್ರಾನ್ಸಿನ ಜುಡೆ 1964ರಲ್ಲಿ ವಿವರಿಸಿದ ದಾರಿ ಅದು, ಬೂಮರಾಂಗ್ ಆಕಾರದ ದೊಡ್ಡ ಗಾಯ, ಹಿಂದಿನ ಸ್ನಾಯುವನ್ನು ಇಡಿಯಾಗಿ ಎತ್ತಿಬಿಡುತ್ತಿದ್ದರು. ಈಗ ಬಹಳ ಜನ ಅದರ ತಿದ್ದಿದ ರೂಪ ಬಳಸುತ್ತಾರೆ, ಎರಡು ಸ್ನಾಯುಗಳ ನಡುವಿನ ಸಂದಿನಲ್ಲೇ ನುಸುಳಿ ಹೊರ ಅಂಚನ್ನು ತಲುಪುತ್ತಾರೆ. ನಡುವೆ ಹಲಗೆ ಕಾಗದದಷ್ಟು ತೆಳು, ಸ್ಕ್ರೂ ಹಿಡಿಯುವುದಿಲ್ಲ, ಹಾಗಾಗಿ ಅಂಚುಗಳಿಗೆ ಮಾತ್ರ 2.7 ಮಿ.ಮೀ. ಸ್ಕ್ರೂವಿನ ಸಣ್ಣ ಪ್ಲೇಟು. ಹತ್ತಿರದಲ್ಲೇ ಸುಪ್ರಾಸ್ಕ್ಯಾಪುಲರ್ ನರ ಹಾದುಹೋಗುತ್ತದೆ, ಅದು ಎಳೆದುಹೋದರೆ ಕೈ ಹೊರಗೆ ತಿರುಗಿಸುವ ಶಕ್ತಿ ಕುಗ್ಗುತ್ತದೆ. ಸರ್ಜನ್‌ಗೆ ಈ ಜಾಗದ ಅಭ್ಯಾಸ ಇದೆಯಾ ಅಂತ ಕೇಳುವುದು ತಪ್ಪಲ್ಲ. ತೊಡೆ ಮೂಳೆಗೆ ವಾರಕ್ಕೆ ನಾಲ್ಕು ರಾಡು ಹಾಕುವವರೂ ರೆಕ್ಕೆ ಮೂಳೆ ತೆರೆಯುವುದು ವರ್ಷಕ್ಕೆ ಒಂದೆರಡು ಸಲ ಇರಬಹುದು. ನೇರವಾಗಿ, ಮರ್ಯಾದೆಯಿಂದ ಕೇಳಿ: "ಸರ್, ಇಂಥದ್ದು ನೀವು ಎಷ್ಟು ಮಾಡಿದ್ದೀರಿ?"

ಪ್ಲೇಟಿನ ಲಾಭ ಅಂದರೆ ಒಂದೆರಡು ದಿನದಲ್ಲೇ ಭುಜ ಆಡಿಸಲು ಶುರು ಮಾಡಬಹುದು. ಆದರೆ ಮೂಳೆ ಕೂಡುವ ಸಮಯ ಅಷ್ಟೇ. ಭಾರ ಎತ್ತುವುದಕ್ಕೆ ಇಲ್ಲೂ ಮೂರು ತಿಂಗಳೇ. "ಪ್ಲೇಟ್ ಹಾಕಿದ್ರೆ ಬೇಗ ವಾಸಿ" ಅಂತ ಖರ್ಚು ಮಾಡುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಸರಿಯದ ಹಲಗೆಗೆ ಬೇಗ ಅನ್ನುವ ಕಾರಣಕ್ಕೆ ಪ್ಲೇಟು ಹಾಕಿಸುವುದು ನನ್ನ ಪ್ರಕಾರ ದುಡ್ಡೂ ದಂಡ, ಬೆನ್ನ ಮೇಲೆ ಗಾಯವೂ ದಂಡ.

ಖರ್ಚಿನ ವಿಷಯಕ್ಕೆ ಬಂದರೆ, ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರ್ ಆಗಬೇಕು, ತುರ್ತಿಗೆ ಮಾತ್ರ ವಿನಾಯಿತಿ. ಬೆಂಗಳೂರಿನಲ್ಲಿ ಮೂಳೆ ಪೆಟ್ಟಿಗೆಂದೇ ಇರುವ ಸರ್ಕಾರಿ ಸಂಸ್ಥೆ ಸಂಜಯ್ ಗಾಂಧಿ ಆಸ್ಪತ್ರೆ. ವಾಹನ ಅಪಘಾತವಾದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಅಪಘಾತದ ದಾಖಲೆ) ದಾಖಲಾಗಿದೆಯಾ ನೋಡಿಕೊಳ್ಳಿ, ಮುಂದೆ ವಿಮೆಗೆ ಅದೇ ಆಧಾರ.

ಪ್ಲೇಟು ತೆಗೆಸಬೇಕಾ ಅಂತ ಕೇಳುತ್ತಾರೆ. ಚುಚ್ಚುತ್ತಿಲ್ಲವಾದರೆ ಬೇಕಿಲ್ಲ, ಹಾಗೇ ಇರುತ್ತದೆ.

ಬೈಕ್ ಯಾವಾಗ ಅನ್ನುವುದು ಮುಂದಿನ ಪ್ರಶ್ನೆ. ಎರಡೂ ಕೈ ಹ್ಯಾಂಡಲ್ ಮೇಲಿಟ್ಟು ಹಠಾತ್ತನೆ ಬ್ರೇಕ್ ಹಿಡಿದಾಗ ಭುಜ ತಡೆಯಬೇಕು, ಜೋಳಿಗೆ ಬಿಟ್ಟ ಮಾರನೇ ದಿನ ಅಲ್ಲ. ನಾನು ನೆಲದ ಮೇಲೆ ಕೈ ಊರಿ ಮೈಭಾರ ಹಾಕಲು ಹೇಳುತ್ತೇನೆ, ಮುಖ ಹಿಂಡಿದರೆ ಇನ್ನೂ ಎರಡು ವಾರ. ಭಾವ ನಾಲ್ಕನೆಯ ತಿಂಗಳಿಗೆ ಬಲಗೈಯಲ್ಲಿ ಕೊಡ ಎತ್ತಿ ತೋರಿಸಿದರು, ತಲೆ ಹಿಂದೆ ಕೈ ಹೋಗುವುದು ಮಾತ್ರ ಇನ್ನೂ ಎರಡು ಬೆರಳು ಕಡಿಮೆ. ಮರ ಹತ್ತುವ ಮಾತು ತೆಗೆದಾಗ ಅಕ್ಕ ಒಳಗಿನಿಂದ ಕೂಗಿದ್ದು ಜಗಲಿಗೆ ಕೇಳಿಸಿತು. ಈ ಸಲ ಔಷಧಿ ಹೊಡೆಯಲು ಉದ್ದದ ಕೊಳವೆಯ ದೋಟಿ ತಂದಿದ್ದಾರೆ, ನೆಲದಿಂದಲೇ.